ರೆಪ್ಪೆಯ ಎಣ್ಣೆ ಕಟ್ಟಿಕೊಂಡರೆ ಕಣ್ಣು ಒಣಗುತ್ತದೆ

ಸ್ಕೂಟರಿನಲ್ಲಿ ಹೋಗುವಾಗ ಕಣ್ಣಲ್ಲಿ ಧಾರಾಕಾರ ನೀರು. ಕಂಪ್ಯೂಟರ್ ಮುಂದೆ ಕೂತು ಅರ್ಧ ಗಂಟೆಯಾಗುವಷ್ಟರಲ್ಲಿ ಉರಿ. ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿಕೊಂಡಿರುತ್ತದೆ, ಬಿಡಿಸಿದರೆ ಮರಳು ಬಿದ್ದ ಹಾಗೆ ಕಿರಿಕಿರಿ. ಇಷ್ಟನ್ನೂ ಕೇಳಿಸಿಕೊಂಡ ಕಣ್ಣಿನ ಡಾಕ್ಟರು ‘ಡ್ರೈ ಐ’ ಎಂದು ಬರೆದುಕೊಟ್ಟರೆ, ನೀರು ಸುರಿಯುವ ಕಣ್ಣು ಒಣಗಿದ್ದು ಹೇಗಪ್ಪಾ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಅವರು ಕೊಟ್ಟ ಹನಿ ಹಾಕಿಕೊಂಡರೆ ಸ್ವಲ್ಪ ಹೊತ್ತು ಹಾಯೆನ್ನಿಸುತ್ತದೆ, ಆಮೇಲೆ ಮತ್ತದೇ ಪಾಡು. ಬಾಟಲಿ ಖಾಲಿಯಾಗುತ್ತದೆ, ಹೊಸದು ಬರುತ್ತದೆ, ಬ್ರ್ಯಾಂಡ್ ಬದಲಾಗುತ್ತದೆ, ಕಣ್ಣು ಮಾತ್ರ ಇದ್ದ ಹಾಗೇ ಇರುತ್ತದೆ.

ಇಂಥವರಲ್ಲಿ ಬಹಳ ಮಂದಿಯ ಕಣ್ಣಲ್ಲಿ ನೀರು ಬೇಕಾದಷ್ಟು ಊರುತ್ತಿರುತ್ತದೆ. ಕಡಿಮೆಯಾಗಿರುವುದು ಆ ನೀರು ಆರಿಹೋಗದಂತೆ ಮೇಲೆ ಹರಡಿಕೊಳ್ಳಬೇಕಾದ ಎಣ್ಣೆ. 2012ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಯುರೋಪಿನ ಒಂದು ಅಧ್ಯಯನ, ಒಣಗಣ್ಣಿನ ರೋಗಿಗಳಲ್ಲಿ ಯಾರಿಗೆ ನೀರಿನ ಕೊರತೆ, ಯಾರಿಗೆ ಎಣ್ಣೆಯ ತೊಂದರೆ ಎಂದು ವಿಂಗಡಿಸಿ ನೋಡಿತು. ಹಾಗೆ ವಿಂಗಡಿಸಲು ಸಾಧ್ಯವಾದವರಲ್ಲಿ ಶೇ 86 ಮಂದಿಯ ರೆಪ್ಪೆಯಲ್ಲಿ ಎಣ್ಣೆ ಗ್ರಂಥಿಗಳು ಕೆಟ್ಟಿರುವ ಚಿಹ್ನೆಗಳಿದ್ದವು. ಕೆಲವರಿಗೆ ಎರಡೂ ಕೊರತೆ ಇದ್ದವು, ಬರೀ ನೀರಿನ ಕೊರತೆ ಇದ್ದವರು ಸ್ವಲ್ಪವೇ ಮಂದಿ. ಹೀಗಿರುವಾಗ ಹನಿ ಹಾಕುವುದೊಂದೇ ಚಿಕಿತ್ಸೆ ಎಂದುಕೊಂಡರೆ ಗುಣವಾಗುವುದು ಕಷ್ಟ.

ಕಾಡಿಗೆ ಹಚ್ಚುವ ಜಾಗ

ಕನ್ನಡಿ ಮುಂದೆ ನಿಂತು ಕೆಳರೆಪ್ಪೆಯನ್ನು ಬೆರಳಿನಿಂದ ತುಸು ಕೆಳಗೆಳೆದು ನೋಡಿ. ರೆಪ್ಪೆಗೂದಲು ಹುಟ್ಟುವ ಸಾಲಿನ ಹಿಂದೆ, ಕಣ್ಣುಗುಡ್ಡೆಯ ಕಡೆಗೆ, ಒದ್ದೆಯಾದ ಸಪೂರ ಅಂಚೊಂದು ಕಾಣುತ್ತದೆ. ಹೆಂಗಸರು ಕಾಡಿಗೆ ಹಚ್ಚುವುದು ಅಲ್ಲೇ. ಬೆಳಕು ಚೆನ್ನಾಗಿದ್ದರೆ ಆ ಅಂಚಿನುದ್ದಕ್ಕೂ ಚುಕ್ಕೆಗಳ ಸಾಲು ಕಾಣಬಹುದು. ಒಂದೊಂದು ಚುಕ್ಕೆಯೂ ಒಂದೊಂದು ಎಣ್ಣೆ ಗ್ರಂಥಿಯ ಬಾಯಿ. ಗ್ರಂಥಿ ಅಲ್ಲಿಂದ ರೆಪ್ಪೆಯೊಳಗೆ ನೆಟ್ಟಗೆ ಹೋಗುತ್ತದೆ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಮೇಲಿನವು ಉದ್ದ, ಸುಮಾರು ಐದೂವರೆ ಮಿಲಿಮೀಟರ್. ಕೆಳಗಿನವು ಎರಡು ಮಿಲಿಮೀಟರ್ ಆಸುಪಾಸು. ಜರ್ಮನಿಯ ವೈದ್ಯ ಹೈನ್ರಿಶ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರವಾಗಿ ಬರೆದಿಟ್ಟದ್ದರಿಂದ ಮೈಬೋಮಿಯನ್ ಗ್ರಂಥಿಗಳು ಎಂದು ಹೆಸರಾಯಿತು. ಡಾಕ್ಟರರ ಚೀಟಿಯಲ್ಲಿ ‘ಎಂಜಿಡಿ’ ಎಂದಿದ್ದರೆ ಈ ಗ್ರಂಥಿಗಳ ಕೆಲಸ ಕೆಟ್ಟಿದೆ ಎಂದು ಅರ್ಥ.

ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ಕಣ್ಣೀರಿನ ಪೊರೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಅಷ್ಟು ತೆಳುವಾದ ಪೊರೆಯಲ್ಲೂ ಪದರಗಳಿವೆ. ಕಣ್ಣಿಗೆ ಅಂಟಿಕೊಂಡಂತೆ ಲೋಳೆ, ಅದರೊಂದಿಗೆ ಬೆರೆತು ನೀರು, ಎಲ್ಲಕ್ಕಿಂತ ಮೇಲೆ ಎಣ್ಣೆ. ಎಣ್ಣೆಯ ಪದರ ಇದ್ದರೆ ನೀರು ಬೇಗ ಆವಿಯಾಗುವುದಿಲ್ಲ, ಪೊರೆ ನುಣುಪಾಗಿ ನಿಲ್ಲುತ್ತದೆ, ದೃಷ್ಟಿ ಸ್ಪಷ್ಟವಾಗಿರುತ್ತದೆ. ಎಣ್ಣೆ ಸಾಲದಿದ್ದರೆ ಎರಡು ಸಲ ರೆಪ್ಪೆ ಬಡಿಯುವುದರ ನಡುವೆಯೇ ಪೊರೆ ಅಲ್ಲಲ್ಲಿ ಹರಿದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಬಯಲಾಗುತ್ತದೆ. ಕಾರ್ನಿಯಾದಲ್ಲಿ ನರಗಳ ತುದಿಗಳು ಒತ್ತೊತ್ತಾಗಿವೆ. ಒಣಗಿದ್ದು ಗೊತ್ತಾದೊಡನೆ ಅವು ಕೂಗೆಬ್ಬಿಸುತ್ತವೆ, ದೊಡ್ಡ ಕಣ್ಣೀರ ಗ್ರಂಥಿ ಗಾಬರಿಯಿಂದ ನೀರು ಸುರಿಸುತ್ತದೆ. ಸ್ಕೂಟರ್ ಮೇಲೆ ಕೆನ್ನೆಗಿಳಿಯುವುದು ಈ ನೀರು. ಅದರಲ್ಲಿ ಎಣ್ಣೆ ಇಲ್ಲದ್ದರಿಂದ ಹರಿದು ಹೋಗುತ್ತದೆ, ನಿಲ್ಲುವುದಿಲ್ಲ.

ಓದುವಾಗ ಅಕ್ಷರ ಮಂಜಾಗಿ, ನಾಲ್ಕು ಸಲ ಕಣ್ಣು ಮಿಟುಕಿಸಿದರೆ ಮತ್ತೆ ಸರಿಯಾಗುತ್ತದೆಯೇ? ಕನ್ನಡಕದ ನಂಬರು ಬದಲಾಗಿದೆಯೇನೋ ಎಂದು ಅಂಗಡಿಗೆ ಓಡುವ ಮುಂಚೆ ಈ ಪೊರೆಯನ್ನು ಅನುಮಾನಿಸಬೇಕು.

ಎಣ್ಣೆ ಕಟ್ಟಿಕೊಳ್ಳುವುದು ಹೇಗೆ

ಗ್ರಂಥಿಯ ಎಣ್ಣೆ ತಾನಾಗಿ ಹೊರಬರುವುದು ಸ್ವಲ್ಪವೇ. ರೆಪ್ಪೆ ಬಡಿದಾಗಲೆಲ್ಲ ಅದರೊಳಗಿನ ಸ್ನಾಯು ಗ್ರಂಥಿಯನ್ನು ಹಿಂಡುತ್ತದೆ, ತುಸು ಎಣ್ಣೆ ಅಂಚಿಗೆ ಬರುತ್ತದೆ, ಮೇಲೇಳುವ ರೆಪ್ಪೆ ಅದನ್ನು ಕಣ್ಣ ಮೇಲೆಲ್ಲ ಸವರುತ್ತದೆ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಫೋನು, ಲ್ಯಾಪ್‌ಟಾಪು ದಿಟ್ಟಿಸುವಾಗ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬಡಿದದ್ದರಲ್ಲೂ ಎಷ್ಟೋ ಅರೆಬರೆ, ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವ ಮೊದಲೇ ವಾಪಸು. ಹಿಂಡುವ ಕೆಲಸವೇ ನಡೆಯದಿದ್ದರೆ ಎಣ್ಣೆ ಒಳಗೇ ನಿಲ್ಲುತ್ತದೆ. ಬೆಂಗಳೂರಿನ ಆಫೀಸುಗಳಲ್ಲಿ ಸ್ಕ್ರೀನಿನ ಜೊತೆಗೆ ದಿನವಿಡೀ ಎಸಿಯ ಒಣಗಾಳಿಯೂ ಸೇರಿಕೊಳ್ಳುತ್ತದೆ. ಅಲ್ಲಿ ಉರಿಯುತ್ತಿದ್ದ ಕಣ್ಣು ರಜೆಗೆ ಮಂಗಳೂರಿಗೋ ಕುಂದಾಪುರಕ್ಕೋ ಹೋದಾಗ ಸುಮ್ಮನಾಗುವುದುಂಟು. ಗ್ರಂಥಿ ಸರಿಹೋಗಿರುವುದಿಲ್ಲ, ಕರಾವಳಿಯ ತೇವದ ಗಾಳಿಯಲ್ಲಿ ನೀರು ಅಷ್ಟು ಬೇಗ ಆರುವುದಿಲ್ಲ ಅಷ್ಟೇ.

ನಿಂತ ಎಣ್ಣೆ ನಿಂತ ಹಾಗೇ ಇರುವುದಿಲ್ಲ. ಆರೋಗ್ಯವಂತರ ಗ್ರಂಥಿಯ ಎಣ್ಣೆ ರೆಪ್ಪೆಯ ಬಿಸಿಗೇ ತಿಳಿಯಾಗಿರುತ್ತದೆ. ಕೆಟ್ಟ ಗ್ರಂಥಿಯ ಎಣ್ಣೆಯಲ್ಲಿ ಕೊಬ್ಬಿನಾಂಶಗಳ ಬೆರಕೆಯೇ ಬದಲಾಗಿ, ಅದು ಕರಗಲು ಕೆಲವು ಡಿಗ್ರಿ ಹೆಚ್ಚು ಬಿಸಿ ಬೇಕಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತ ಕೊಬ್ಬರಿ ಎಣ್ಣೆಯನ್ನು ನೆನಪಿಸಿಕೊಳ್ಳಿ, ಬಾಟಲಿ ಬೋರಲು ಮಾಡಿದರೂ ಹನಿ ಬೀಳುವುದಿಲ್ಲ. ಇದರ ಜೊತೆಗೆ ಗ್ರಂಥಿಯ ಬಾಯಿಯ ಚರ್ಮದ ಕೋಶಗಳು ದಪ್ಪಗಾಗಿ ಉದುರಿ, ಎಣ್ಣೆಯೊಂದಿಗೆ ಬೆರೆತು ಬಿರಡೆಯಂತೆ ಕೂರುತ್ತವೆ. ರೆಪ್ಪೆಯಂಚಿನಲ್ಲಿ ಎಲ್ಲರಿಗೂ ಇರುವ ಬ್ಯಾಕ್ಟೀರಿಯಾಗಳಿಗೆ ಈ ನಿಂತ ಎಣ್ಣೆಯೆಂದರೆ ಹಬ್ಬ. ಅವು ಅದನ್ನು ಒಡೆದು ಕಣ್ಣುರಿಸುವ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಅದರಿಂದ ಉರಿಯೂತ, ಉರಿಯೂತದಿಂದ ಬಾಯಿ ಇನ್ನಷ್ಟು ದಪ್ಪ, ಅದರಿಂದ ಇನ್ನಷ್ಟು ತಡೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಒಳಗಿನ ಒತ್ತಡಕ್ಕೆ ಗ್ರಂಥಿ ಸೊರಗಿ, ಮೊಟಕಾಗಿ, ಕೊನೆಗೆ ಇಲ್ಲವಾಗುತ್ತದೆ. ಹಾಗೆ ಪೂರ್ತಿ ಹೋದ ಗ್ರಂಥಿಯನ್ನು ಮತ್ತೆ ಬೆಳೆಸುವ ಚಿಕಿತ್ಸೆ ಸದ್ಯಕ್ಕಿಲ್ಲ. ಬರೀ ಕಿರಿಕಿರಿ ತಾನೇ ಎಂದು ತಳ್ಳಿಹಾಕಬಾರದು ಎನ್ನುವುದು ಇದೇ ಕಾರಣಕ್ಕೆ.

ಯಾರಿಗೆ ಹೆಚ್ಚು? ವಯಸ್ಸಾದವರಿಗೆ, ಮುಟ್ಟು ನಿಂತ ಹೆಂಗಸರಿಗೆ. ಈ ಗ್ರಂಥಿಗಳನ್ನು ಚುರುಕಾಗಿಡುವುದು ಆಂಡ್ರೊಜನ್ ಹಾರ್ಮೋನು, ಅದು ಇಳಿದಂತೆ ಇವೂ ಮಂಕಾಗುತ್ತವೆ. ಮುಖ ಕೆಂಪಗಾಗುವ ರೊಸೇಶಿಯಾ ಇರುವವರಿಗೆ, ತಲೆಹೊಟ್ಟು ಹೆಚ್ಚಿರುವವರಿಗೆ, ಬಹುಕಾಲ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಿಗೂ ಬರುವುದು ಹೆಚ್ಚು. ಮೊಡವೆಗೆಂದು ಐಸೋಟ್ರೆಟಿನಾಯಿನ್ ಮಾತ್ರೆ ನುಂಗುವ ಹುಡುಗ ಹುಡುಗಿಯರನ್ನೂ ಈ ಪಟ್ಟಿಗೆ ಸೇರಿಸಬೇಕು. ಆ ಮಾತ್ರೆ ಚರ್ಮದ ಎಣ್ಣೆ ಗ್ರಂಥಿಗಳನ್ನು ಕುಗ್ಗಿಸಿಯೇ ಮೊಡವೆ ವಾಸಿಮಾಡುವುದು. ಮುಖದ ಗ್ರಂಥಿ ಯಾವುದು, ರೆಪ್ಪೆಯ ಗ್ರಂಥಿ ಯಾವುದು ಎಂಬ ಭೇದ ಅದಕ್ಕೆ ತಿಳಿಯದು.

ಕಾಡಿಗೆಯ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಒಳಯಂಚಿಗೆ ಹಚ್ಚಿದ ಮೇಣ ಬೆರೆತ ಕಾಡಿಗೆ ನೇರವಾಗಿ ಗ್ರಂಥಿಗಳ ಬಾಯಿಯ ಮೇಲೇ ಕೂರುತ್ತದೆ, ಕಣ್ಣೀರಿಗೂ ಇಳಿಯುತ್ತದೆ. ಹಚ್ಚಲೇಬೇಕು ಎನ್ನುವವರು ರೆಪ್ಪೆಗೂದಲಿನ ಹೊರಬದಿಗೆ ಹಚ್ಚಿ, ಮಲಗುವ ಮುಂಚೆ ಪೂರ್ತಿ ತೆಗೆಯಲಿ. ಮನೆಯಲ್ಲೇ ದೀಪದ ಮಸಿಯಿಂದ ಮಾಡಿದ್ದು, ಏನೂ ಆಗುವುದಿಲ್ಲ ಎನ್ನುವ ಅಜ್ಜಿಯರಿದ್ದಾರೆ. ಆ ಮಸಿ ಕಲೆಸಿದ್ದೂ ತುಪ್ಪ ಅಥವಾ ಹರಳೆಣ್ಣೆಯಲ್ಲೇ, ಅದು ಹೋಗಿ ಕೂರುವುದೂ ಅದೇ ಬಾಯಿಯ ಮೇಲೆ.

ಡಾಕ್ಟರು ನೋಡುವುದೇನು

ಒಳ್ಳೆಯ ಪರೀಕ್ಷೆಗೆ ಭಾರೀ ಯಂತ್ರಗಳೇನೂ ಬೇಕಿಲ್ಲ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಮುಂದೆ ಗದ್ದ ಊರಿಸಿ, ಹತ್ತಿ ಸುತ್ತಿದ ಕಡ್ಡಿಯಿಂದಲೋ ಬೆರಳಿನಿಂದಲೋ ಕೆಳರೆಪ್ಪೆಯನ್ನು ಮೆಲ್ಲಗೆ ಒತ್ತಿ ಏನು ಬರುತ್ತದೆಂದು ನೋಡಿದರೆ ಅರ್ಧ ಕಥೆ ತಿಳಿಯುತ್ತದೆ. ಸರಿಯಾದ ಗ್ರಂಥಿಯಿಂದ ತಿಳಿ ಎಣ್ಣೆಯ ಸಣ್ಣ ಗುಳ್ಳೆ ಏಳುತ್ತದೆ. ಕೆಟ್ಟಿದ್ದರೆ ಮಬ್ಬು ಎಣ್ಣೆ, ಇನ್ನೂ ಕೆಟ್ಟಿದ್ದರೆ ಹಳದಿ ಬಿಳುಪಿನ ಗಟ್ಟಿ ಎಳೆ. ತೀರಾ ಕೆಟ್ಟಿದ್ದರೆ ಒತ್ತಿದರೂ ಏನೂ ಬರುವುದಿಲ್ಲ. ಅಂಚು ಕೆಂಪಾಗಿ, ಸಣ್ಣ ರಕ್ತನಾಳಗಳು ಎದ್ದು, ಅಲ್ಲಲ್ಲಿ ನೆಗ್ಗಿರುವುದೂ ಕಾಣುತ್ತದೆ.

ಇನ್ನೊಂದು ಪರೀಕ್ಷೆಯಲ್ಲಿ ಕಣ್ಣಿಗೆ ಕಿತ್ತಳೆ ಬಣ್ಣದ ಫ್ಲೋರೆಸಿನ್ ಮುಟ್ಟಿಸಿ, ನೀಲಿ ಬೆಳಕಿನಲ್ಲಿ ಮಿಟುಕಿಸದೆ ನೋಡಿ ಎನ್ನುತ್ತಾರೆ. ಹಸಿರಾಗಿ ಹೊಳೆಯುವ ಪೊರೆಯಲ್ಲಿ ಮೊದಲ ಕಪ್ಪು ಕಲೆ ಕಾಣುವವರೆಗೆ ಸೆಕೆಂಡು ಎಣಿಸುತ್ತಾರೆ. 10 ಸೆಕೆಂಡಿಗಿಂತ ಮೊದಲೇ ಕಲೆ ಬಿದ್ದರೆ ಪೊರೆ ನಿಲ್ಲುತ್ತಿಲ್ಲ ಎಂದರ್ಥ. ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುವ ಶರ್ಮರ್ ಪರೀಕ್ಷೆ ನೀರಿನದ್ದು. ಪಟ್ಟಿ ಸಾಕಷ್ಟು ಒದ್ದೆಯಾಗಿ, ಪೊರೆ ಮಾತ್ರ ಬೇಗ ಹರಿಯುತ್ತಿದ್ದರೆ ಎಣ್ಣೆಯ ಕಡೆಗೆ ಬೊಟ್ಟುಮಾಡಬಹುದು. ದೊಡ್ಡ ಆಸ್ಪತ್ರೆಗಳಲ್ಲಿ ಮೈಬೋಗ್ರಫಿ ಇರುತ್ತದೆ. ರೆಪ್ಪೆ ಮಗುಚಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ತೆಗೆದ ಆ ಚಿತ್ರದಲ್ಲಿ ಗ್ರಂಥಿಗಳು ಬಿಳಿ ಗೆರೆಗಳಾಗಿ ಕಾಣುತ್ತವೆ. ಎಷ್ಟು ಉಳಿದಿವೆ, ಎಷ್ಟು ಹೋಗಿವೆ ಎಂದು ರೋಗಿಯೇ ನೋಡಬಹುದು. ಇದರ ದೊಡ್ಡ ಉಪಯೋಗ, ನೋಡಿದವರು ಮನೆಗೆ ಹೋಗಿ ಹೇಳಿದ್ದನ್ನು ಮಾಡುತ್ತಾರೆ ಎನ್ನುವುದೇ ಇರಬೇಕು.

ಬಾಯಿಯೂ ಒಣಗುತ್ತದೆ, ಕೀಲುನೋವೂ ಇದೆ ಎಂದರೆ ದಾರಿ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ಶೋಗ್ರೆನ್ ಕಾಯಿಲೆಯನ್ನು ರಕ್ತಪರೀಕ್ಷೆಯಲ್ಲಿ ಹುಡುಕಬೇಕಾಗುತ್ತದೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಅಲರ್ಜಿ ಮಾತ್ರೆ, ಖಿನ್ನತೆಯ ಮಾತ್ರೆ, ಗ್ಲಾಕೋಮಾ ಹನಿ ಇವುಗಳ ವಿಷಯವನ್ನು ಡಾಕ್ಟರು ಕೇಳದಿದ್ದರೂ ನಾವೇ ಹೇಳಬೇಕು.

ಶಾಖ ಕೊಡುವುದು

ಚಿಕಿತ್ಸೆಯ ಬುಡ ಇದು. ಬಹುತೇಕರು ತಪ್ಪಾಗಿ ಮಾಡಿ, ಉಪಯೋಗವಿಲ್ಲ ಎಂದು ಬಿಟ್ಟುಬಿಡುವುದೂ ಇದನ್ನೇ. ಡಾಕ್ಟರು ಚೀಟಿ ಕೊಡುವಾಗ ‘ಬಿಸಿನೀರಿನ ಬಟ್ಟೆ ಇಡಿ’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಮನೆಯಲ್ಲಿ ಕರ್ಚೀಫನ್ನು ಬಿಸಿನೀರಿಗೆ ಅದ್ದಿ, ಹಿಂಡಿ, ಕಣ್ಣ ಮೇಲಿಟ್ಟುಕೊಂಡರೆ ಒಂದೆರಡು ನಿಮಿಷಕ್ಕೆ ಅದು ಉಗುರುಬೆಚ್ಚಗಾಗಿ, ಆಮೇಲೆ ತಣ್ಣಗಾಗುತ್ತದೆ. ಒದ್ದೆ ಬಟ್ಟೆ ಆರುತ್ತ ಆರುತ್ತ ರೆಪ್ಪೆಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಗಟ್ಟಿ ಎಣ್ಣೆ ಕರಗಬೇಕಾದರೆ ರೆಪ್ಪೆಯ ಒಳಮೈ 40 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಹೋಗಬೇಕು, ಆ ಬಿಸಿ ಐದರಿಂದ ಹತ್ತು ನಿಮಿಷ ನಿಲ್ಲಬೇಕು. ಹೊರಗೆ 45 ಡಿಗ್ರಿ ದಾಟಿದರೆ ಚರ್ಮ ಸುಡುವ ಭಯ. ಕೆಲಸ ನಡೆಯಬೇಕಾದದ್ದು ಈ ನಾಲ್ಕೈದು ಡಿಗ್ರಿಯ ಸಂದಿಯಲ್ಲಿ.

ಇದಕ್ಕಾಗಿಯೇ ಕಣ್ಣಪಟ್ಟಿಗಳು ಮಾರುಕಟ್ಟೆಯಲ್ಲಿವೆ. ಮೈಕ್ರೋವೇವಿನಲ್ಲಿ ಕಾಯಿಸುವ ಮಣಿ ತುಂಬಿದ ಪಟ್ಟಿ, ಯುಎಸ್‌ಬಿಗೆ ಸಿಕ್ಕಿಸುವ ಪಟ್ಟಿ. ಹತ್ತು ನಿಮಿಷ ಬಿಸಿ ಹಿಡಿದಿಡುವುದು ಯಾವುದಾದರೂ ಆಗುತ್ತದೆ, ದುಬಾರಿಯದ್ದೇ ಬೇಕೆಂದಿಲ್ಲ. ಪಟ್ಟಿ ಇಲ್ಲದವರು ಮೂರು ನಾಲ್ಕು ಸಣ್ಣ ಟವೆಲು ಬಿಸಿನೀರಲ್ಲಿ ಹಿಂಡಿ, ಒಂದರ ಮೇಲೊಂದು ಸುತ್ತಿ ಮುಚ್ಚಿದ ಡಬ್ಬಿಯಲ್ಲಿಟ್ಟು, ಎರಡೆರಡು ನಿಮಿಷಕ್ಕೆ ಹೊರಗಿನಿಂದ ಒಂದೊಂದು ತೆಗೆದು ಬದಲಾಯಿಸುತ್ತ ಹೋಗಬಹುದು. ಬಟ್ಟೆಯಲ್ಲಿ ಅಕ್ಕಿ ಗಂಟು ಕಟ್ಟಿ ಹೆಂಚಿನ ಮೇಲೆ ಕಾಯಿಸುವವರೂ ಇದ್ದಾರೆ. ಅದು ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಕೆಂಡದಂತೆ ಇರುವುದುಂಟು, ನನಗೇನೋ ಅದರ ಮೇಲೆ ನಂಬಿಕೆ ಕಡಿಮೆ. ಯಾವುದನ್ನೇ ಇಡುವ ಮೊದಲು ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ. ಅಲ್ಲಿ ತಾಳಲಾಗದ ಬಿಸಿ ರೆಪ್ಪೆಗೆ ಬೇಡ. ಮೈಕ್ರೋವೇವಿನಿಂದ ತೆಗೆದ ಪಟ್ಟಿಯನ್ನು ಒಮ್ಮೆ ಅಲುಗಾಡಿಸಿ ಬಿಸಿ ಸಮನಾಗಲು ಬಿಡಬೇಕು.

ಕರಗಿದ ಎಣ್ಣೆ ತಣ್ಣಗಾಗುವ ಮೊದಲು ಹೊರಗೆ ಬರಬೇಕು. ಕೈ ತೊಳೆದುಕೊಂಡು, ಕೆಳಗೆ ನೋಡುತ್ತ ಮೇಲಿನ ರೆಪ್ಪೆಯನ್ನು ಬೆರಳಿನ ಮೆತ್ತನೆ ಭಾಗದಿಂದ ಕೂದಲಿನ ಕಡೆಗೆ ಮೇಲಿನಿಂದ ಕೆಳಕ್ಕೆ ನಾಲ್ಕೈದು ಸಲ ಸವರಿ. ಮೇಲೆ ನೋಡುತ್ತ ಕೆಳರೆಪ್ಪೆಯನ್ನು ಕೆಳಗಿನಿಂದ ಮೇಲಕ್ಕೆ. ಒತ್ತಡ ರೆಪ್ಪೆಗೆ ಸಾಕು, ಗುಡ್ಡೆಗೆ ಬೀಳಬಾರದು. ಬಿಸಿಯಾಗಿದ್ದಾಗ ಕಾರ್ನಿಯಾ ತುಸು ಮೆದುವಾಗಿರುತ್ತದೆ, ಗುಡ್ಡೆಯನ್ನು ಉಜ್ಜಿದರೆ ಆಕಾರಕ್ಕೇ ಧಕ್ಕೆ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಇರುವವರು, ಕಣ್ಣಿನ ಆಪರೇಷನ್ ಆಗಿ ಹೆಚ್ಚು ದಿನವಾಗದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಶಾಖ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕಣ್ಣು ಮಂಜಾದರೆ ಹೆದರಬೇಕಿಲ್ಲ.

ಮೊದಲ ಕೆಲವು ವಾರ ದಿನಕ್ಕೆ ಎರಡು ಸಲ, ಕಣ್ಣು ಹಗುರಾದ ಮೇಲೆ ಒಂದು ಸಲ. ಹಗುರಾಯಿತೆಂದು ಬಿಟ್ಟರೆ ಎಣ್ಣೆ ಮತ್ತೆ ಗಟ್ಟಿಯಾಗುತ್ತದೆ. ಬಿಪಿ ಮಾತ್ರೆಯ ಲೆಕ್ಕಕ್ಕೆ ಇದನ್ನು ಸೇರಿಸಿಕೊಂಡವರೇ ಚೆನ್ನಾಗಿರುತ್ತಾರೆ.

ಶಾಖದ ನಂತರ ರೆಪ್ಪೆಗೂದಲಿನ ಬುಡವನ್ನೂ ಒರೆಸಬೇಕು. ಹಿಂದೆ ನೀರು ಬೆರೆಸಿದ ಬೇಬಿ ಶ್ಯಾಂಪೂ ಹೇಳುತ್ತಿದ್ದರು, ಈಗಲೂ ಕೆಲವರು ಹೇಳುತ್ತಾರೆ. ಅದು ಕಣ್ಣೀರಿನ ಲೋಳೆ ಪದರಕ್ಕೆ ಒಳ್ಳೆಯದಲ್ಲ ಎಂಬ ಅಧ್ಯಯನ ಬಂದ ಮೇಲೆ ರೆಪ್ಪೆಗೆಂದೇ ಮಾಡಿದ ವೈಪ್ಸ್ ಅಥವಾ ನೊರೆಯ ಕಡೆ ಒಲವು ಹೆಚ್ಚಿದೆ. ಕೂದಲಿನ ಬುಡದಲ್ಲಿ ಸಣ್ಣ ಕೊಳವೆಯಂತೆ ಹೊಟ್ಟು ಸುತ್ತಿಕೊಂಡಿದ್ದರೆ ಡೆಮೊಡೆಕ್ಸ್ ಎಂಬ ಬರಿಗಣ್ಣಿಗೆ ಕಾಣದ ಹುಳ ಮನೆಮಾಡಿರುತ್ತದೆ. ಎರಡು ಬಗೆಯ ಹುಳಗಳಲ್ಲಿ ಒಂದು ಕೂದಲಿನ ಬುಡದಲ್ಲಿದ್ದರೆ ಇನ್ನೊಂದು ಎಣ್ಣೆ ಗ್ರಂಥಿಯೊಳಗೇ ವಾಸ. ಟೀ ಟ್ರೀ ಎಣ್ಣೆಯ ಅಂಶವಿರುವ ವೈಪ್ಸ್ ಇದಕ್ಕೆ ಬಳಕೆಯಲ್ಲಿದೆ, ಆದರೆ ಅಂಗಡಿಯಿಂದ ತಂದ ಅಪ್ಪಟ ಟೀ ಟ್ರೀ ಎಣ್ಣೆ ಕಣ್ಣಿಗೆ ಬಿದ್ದರೆ ಸುಟ್ಟುಬಿಡುತ್ತದೆ. ಅಮೆರಿಕದಲ್ಲಿ 2023ರಲ್ಲಿ ಈ ಹುಳಕ್ಕೆಂದೇ ಲೋಟಿಲಾನರ್ ಹನಿಗೆ ಒಪ್ಪಿಗೆ ಸಿಕ್ಕಿತು. ನಾಯಿಗಳ ಉಣ್ಣಿ ಹೋಗಲಾಡಿಸಲು ಕೊಡುವ ಮಾತ್ರೆಯಲ್ಲಿರುವುದೂ ಇದೇ ಔಷಧ.

ಹನಿ, ಮಾತ್ರೆ

ಹನಿ ಬೇಡವೇ ಬೇಡ ಎಂದಲ್ಲ. ಹರಿದ ಪೊರೆಗೆ ತೇಪೆ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಅಂದರೆ ಮೆಡಿಕಲ್ ಶಾಪಿನವರ ‘ಸಿಎಂಸಿ’. ಇದು ನೀರಿನ ಪದರಕ್ಕೆ ಬೆಂಬಲ. ಎಣ್ಣೆಯ ಕೊರತೆಯವರಿಗೆ ಎಣ್ಣೆಯಂಶ ಬೆರೆತ ಹನಿ ಹೆಚ್ಚು ಒಗ್ಗುತ್ತದೆ, ಹಾಗೆಂದು ಕೇಳಿ ಬರೆಸಿಕೊಳ್ಳಬಹುದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವವರು ಸಂರಕ್ಷಕವಿಲ್ಲದ್ದನ್ನೇ ಆರಿಸಬೇಕು. ಹನಿ ಕೆಡದಿರಲೆಂದು ಬಾಟಲಿಗೆ ಸೇರಿಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇ ಪದೇ ಬಿದ್ದರೆ ಅದೇ ಕಣ್ಣಿನ ಮೇಲ್ಮೈಯನ್ನು ಕೆಡಿಸುತ್ತದೆ. ಪರ್ಫ್ಲೋರೋಹೆಕ್ಸೈಲ್ ಆಕ್ಟೇನ್ ಎಂಬ ಹೊಸ ಹನಿಯಲ್ಲಿ ನೀರೂ ಇಲ್ಲ, ಸಂರಕ್ಷಕವೂ ಇಲ್ಲ. ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಆವಿಯಾಗುವುದನ್ನು ತಡೆಯುತ್ತದೆ. ಅದಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲೇ.

ಹರಳೆಣ್ಣೆಯ ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಕೆಲವು ಕಣ್ಣಿನ ಹನಿಗಳಲ್ಲಿ ಹರಳೆಣ್ಣೆ ಇರುವುದು ನಿಜ, ಹಾಗಾಗಿ ಹಿರಿಯರ ಮಾತು ಪೂರಾ ಗಾಳಿಮಾತಲ್ಲ. ಆ ಹನಿಗಳಲ್ಲಿ ಇರುವುದು ಶುದ್ಧೀಕರಿಸಿ, ಕ್ರಿಮಿ ತೆಗೆದು, ಸಣ್ಣ ಪ್ರಮಾಣದಲ್ಲಿ ನೀರಿನೊಂದಿಗೆ ಕಡೆದ ಎಣ್ಣೆ. ಗಾಣದಿಂದ ತಂದು ಅಡುಗೆಮನೆ ಕಪಾಟಿನಲ್ಲಿಟ್ಟದ್ದು ಅದಲ್ಲ. ಜೇನುತುಪ್ಪ, ಎದೆಹಾಲು, ಅಂಗಡಿಯ ಪನ್ನೀರು ಇವಕ್ಕೂ ಇದೇ ಉತ್ತರ.

ಇವೆಲ್ಲಕ್ಕಿಂತ ಅಪಾಯದ್ದು ‘ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ’ ಎಂದು ಚೀಟಿಯಿಲ್ಲದೆ ಕೊಳ್ಳುವುದು. ಕೆಂಪು ತೆಗೆಯುವ ಹನಿ ರಕ್ತನಾಳಗಳನ್ನು ಸ್ವಲ್ಪ ಹೊತ್ತು ಕುಗ್ಗಿಸುತ್ತದಷ್ಟೇ, ಬಿಟ್ಟಾಗ ಕೆಂಪು ಹೆಚ್ಚಿ ಬರುತ್ತದೆ. ಸ್ಟೆರಾಯ್ಡ್ ಬೆರೆತ ಹನಿಯೋ ಎರಡೇ ದಿನದಲ್ಲಿ ಕಣ್ಣು ತಿಳಿಯಾಗಿಸುವುದರಿಂದ ಜನ ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊತ್ತಡ ಏರಿ ಗ್ಲಾಕೋಮಾ ಬರಬಹುದು, ಹೋದ ದೃಷ್ಟಿ ಹಿಂದೆ ಬರುವುದಿಲ್ಲ. ಡಾಕ್ಟರು ಉರಿಯೂತ ಇಳಿಸಲು ಕೆಲವೇ ದಿನಗಳಿಗೆ, ಒತ್ತಡ ನೋಡಿಕೊಂಡು ಕೊಡುವ ಸ್ಟೆರಾಯ್ಡ್ ಬೇರೆ ಮಾತು. ಹೆಚ್ಚು ಕಾಲಕ್ಕೆ ಸೈಕ್ಲೋಸ್ಪೋರಿನ್ ಹನಿ ಇದೆ. ಅದು ಮೊದಲು ಉರಿಸುತ್ತದೆ, ಗುಣ ಕಾಣಲು ವಾರಗಳೋ ತಿಂಗಳುಗಳೋ ಬೇಕು. ಈ ಮಾತನ್ನು ಯಾರೂ ಹೇಳದೇ ಇದ್ದಾಗ ಜನ ವಾರಕ್ಕೇ ಎಸೆದುಬಿಡುತ್ತಾರೆ.

ಶಾಖಕ್ಕೆ ಬಗ್ಗದಿದ್ದಾಗ ಡಾಕ್ಸಿಸೈಕ್ಲಿನ್ ಮಾತ್ರೆ ಅಥವಾ ಅಜಿತ್ರೋಮೈಸಿನ್ ಬರುತ್ತದೆ. ಸೋಂಕಿಲ್ಲದೆ ಆ್ಯಂಟಿಬಯೋಟಿಕ್ ಏಕೆ ಎಂದು ಕೇಳುವುದು ಸರಿಯಾದ ಪ್ರಶ್ನೆ. ಡಾಕ್ಸಿಸೈಕ್ಲಿನ್ ಇಲ್ಲಿ ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಹೆಚ್ಚಾಗಿ, ಅವು ಎಣ್ಣೆ ಒಡೆಯಲು ಬಳಸುವ ಕಿಣ್ವವನ್ನೂ ಉರಿಯೂತವನ್ನೂ ತಗ್ಗಿಸುತ್ತದೆ. ಅದಕ್ಕೇ ಕಡಿಮೆ ಪ್ರಮಾಣದಲ್ಲಿ, ವಾರಗಟ್ಟಲೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಇದು ಸಲ್ಲದು. ನುಂಗುವಾಗ ಲೋಟದ ತುಂಬ ನೀರು ಕುಡಿಯಬೇಕು, ತಕ್ಷಣ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದು ಸಣ್ಣ ವಿಷಯವಲ್ಲ. ಅಜಿತ್ರೋಮೈಸಿನ್ ಕಡಿಮೆ ದಿನದ್ದು, ಹೃದಯ ಬಡಿತದ ತೊಂದರೆ ಇರುವವರು ಮುಂಚೆಯೇ ಹೇಳಬೇಕು.

ಒಮೆಗಾ-3 ಗುಳಿಗೆಯ ಕಥೆ ಸ್ವಾರಸ್ಯದ್ದು. ವರ್ಷಾನುಗಟ್ಟಲೆ ಎಲ್ಲರೂ ಬರೆದರು, ಕೆಲವರಿಗೆ ಚೆನ್ನಾಗಿದೆ ಎಂದೂ ಅನ್ನಿಸಿತು. 2018ರಲ್ಲಿ ಬಂದ ಡ್ರೀಮ್ ಎಂಬ ಅಮೆರಿಕದ ಪ್ರಯೋಗದಲ್ಲಿ 535 ಮಂದಿ ಒಂದು ವರ್ಷ ದಿನಕ್ಕೆ 3 ಗ್ರಾಂ ಮೀನೆಣ್ಣೆಯ ಒಮೆಗಾ-3 ಅಥವಾ ಆಲಿವ್ ಎಣ್ಣೆಯ ಗುಳಿಗೆ ನುಂಗಿದರು. ಎರಡೂ ಗುಂಪಿನವರಿಗೆ ಹಾಯೆನ್ನಿಸಿತು, ಗಣನೀಯ ವ್ಯತ್ಯಾಸ ಸಿಗಲಿಲ್ಲ. ಬಂಗುಡೆ, ಭೂತಾಯಿ ತಿನ್ನುವವರು ಊಟಕ್ಕಾಗಿ ತಿನ್ನಲಿ, ಇದೊಂದೇ ಕಾರಣಕ್ಕೆ ದುಬಾರಿ ಗುಳಿಗೆ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಯಂತ್ರಗಳು

ನಗರದ ಕಣ್ಣಿನ ಆಸ್ಪತ್ರೆಗಳಲ್ಲಿ ಈಗ ಎರಡು ಬಗೆ ಕಾಣಸಿಗುತ್ತವೆ. ಒಂದು ರೆಪ್ಪೆಯ ಒಳಗಿನಿಂದ ಬಿಸಿಮಾಡುತ್ತ ಹೊರಗಿನಿಂದ ಒತ್ತುವ ಯಂತ್ರ. ಇವುಗಳಲ್ಲಿ ಮೊದಲು ಹೆಸರಾದ ಲಿಪಿಫ್ಲೋಗೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ಸಿಕ್ಕಿತು, ಒಂದು ಸಲಕ್ಕೆ 12 ನಿಮಿಷ. ಮನೆಯ ಶಾಖ ಹೊರಗಿನಿಂದ ಕಷ್ಟಪಟ್ಟು ಮಾಡುವುದನ್ನು ಇದು ಗ್ರಂಥಿಯ ಪಕ್ಕದಲ್ಲೇ ಮಾಡುತ್ತದೆ. ಇನ್ನೊಂದು ಐಪಿಎಲ್, ಅಂದರೆ ಕಣ್ಣಿಗೆ ಕವಚ ಹಾಕಿ ಕೆನ್ನೆ, ಕೆಳರೆಪ್ಪೆಯ ಸುತ್ತ ತೀವ್ರ ಬೆಳಕಿನ ಹೊಡೆತ ಕೊಡುವುದು, ಕೆಲವು ವಾರಗಳ ಅಂತರದಲ್ಲಿ ಮೂರು ನಾಲ್ಕು ಸಲ. ರೊಸೇಶಿಯಾಕ್ಕೆ ಇದನ್ನು ಮಾಡಿಸಿಕೊಂಡವರ ಕಣ್ಣೂ ಹಗುರಾದದ್ದನ್ನು ಗಮನಿಸಿ ಕಣ್ಣಿಗೆ ಬಳಸಲು ಶುರುಮಾಡಿದರು.

ಐಪಿಎಲ್ ಬಗ್ಗೆ ನಮ್ಮವರು ಒಂದು ವಿಷಯ ಕೇಳಿ ತಿಳಿಯಲೇಬೇಕು. ಆ ಬೆಳಕನ್ನು ಚರ್ಮದ ಮೆಲನಿನ್ ಹೀರಿಕೊಳ್ಳುತ್ತದೆ. ಕಪ್ಪು ಚರ್ಮದಲ್ಲಿ ಅದರಿಂದ ಸುಟ್ಟ ಗಾಯ, ಕಪ್ಪು ಬಿಳಿ ಕಲೆ ಆಗಬಹುದು. ಚರ್ಮದ ಬಣ್ಣ ಅಳೆಯುವ ಫಿಟ್ಜ್‌ಪ್ಯಾಟ್ರಿಕ್ ಮಾಪನದ 1ರಿಂದ 4ರವರೆಗಿನವರಿಗೆ ಎಂದೇ ಅಮೆರಿಕದ ಅನುಮತಿಯಲ್ಲಿದೆ. ನಮ್ಮಲ್ಲಿ ಎಷ್ಟೋ ಮಂದಿ 5ನೆಯ ಮೆಟ್ಟಿಲಿನವರು. ‘ನನ್ನ ಬಣ್ಣಕ್ಕೆ ಇದು ಸರಿಯೇ, ಎಷ್ಟು ತೀವ್ರತೆ ಇಡುತ್ತೀರಿ’ ಎಂದು ಕೇಳಿದಾಗ ಉತ್ತರ ತಡವರಿಸಿದರೆ ಎದ್ದು ಬರುವುದೇ ಲೇಸು. ಎರಡೂ ಯಂತ್ರಗಳಿಗೆ ಹಣ ಸಾವಿರಗಟ್ಟಲೆ, ಪರಿಣಾಮ ತಿಂಗಳುಗಳದ್ದು, ಆಮೇಲೆ ಮತ್ತೆ ಬೇಕಾಗಬಹುದು. ಮನೆಯ ಶಾಖವನ್ನು ಸರಿಯಾಗಿ ಮಾಡಿ, ಮಾತ್ರೆಯನ್ನೂ ನೋಡಿ, ಆಗಲೂ ಕಷ್ಟವಿದ್ದರೆ ಆ ಬಾಗಿಲು ತಟ್ಟಬಹುದು. ಗ್ರಂಥಿಗಳು ಪೂರ್ತಿ ಸೊರಗಿದವರಿಗೆ ಯಾವ ಯಂತ್ರವೂ ಹೆಚ್ಚು ಮಾಡಲಾರದು, ಹಿಂಡಲು ಒಳಗೆ ಏನಾದರೂ ಇರಬೇಕಲ್ಲ.

ಖರ್ಚಿಲ್ಲದ ಕೆಲಸಗಳೂ ಇವೆ. ಫ್ಯಾನು, ಎಸಿಯ ಗಾಳಿ ನೇರ ಮುಖಕ್ಕೆ ಬೀಳದಂತೆ ಕೂರುವುದು, ಮಲಗುವುದು. ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳುವುದು. ಸ್ಕ್ರೀನನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಡುವುದು, ಆಗ ರೆಪ್ಪೆ ಅರೆ ಇಳಿದು ಬಯಲಾಗುವ ಭಾಗ ಕಡಿಮೆಯಾಗುತ್ತದೆ. 20 ನಿಮಿಷಕ್ಕೊಮ್ಮೆ ದೂರ ನೋಡುವಾಗ ಕಣ್ಣು ಪೂರ್ತಿ ಮುಚ್ಚಿ, ಒಂದು ಕ್ಷಣ ಒತ್ತಿ, ತೆರೆಯಿರಿ. ಎಣ್ಣೆ ಹೊರಬರುವುದು ಆ ಒತ್ತಿಗೆ.

ಗಂಟು, ಪೊರೆಯ ಆಪರೇಷನ್

ಒಂದು ಗ್ರಂಥಿ ಪೂರ್ತಿ ಕಟ್ಟಿಕೊಂಡು ರೆಪ್ಪೆಯೊಳಗೆ ನೋವಿಲ್ಲದ ಗಂಟಾದರೆ ಅದು ಕಲೇಜಿಯಾನ್. ಹೆಚ್ಚಿನವು ಶಾಖಕ್ಕೆ ಕರಗುತ್ತವೆ, ಕರಗದ್ದನ್ನು ಸಣ್ಣದಾಗಿ ಕೊಯ್ದು ತೆಗೆಯುತ್ತಾರೆ. ಆದರೆ ವಯಸ್ಸಾದವರಲ್ಲಿ ಒಂದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಬಂದರೆ, ಆ ಜಾಗದ ರೆಪ್ಪೆಗೂದಲು ಉದುರಿದರೆ, ಒಂದೇ ಕಣ್ಣಿನ ಅಂಚು ತಿಂಗಳುಗಟ್ಟಲೆ ಕೆಂಪಾಗಿದ್ದರೆ ತೆಗೆದ ತುಣುಕನ್ನು ಬಯಾಪ್ಸಿಗೆ ಕಳಿಸಲೇಬೇಕು. ಇದೇ ಎಣ್ಣೆ ಗ್ರಂಥಿಗಳಿಂದ ಹುಟ್ಟುವ ಕ್ಯಾನ್ಸರ್ ಒಂದಿದೆ, ಅದು ಬರುವುದು ಕಲೇಜಿಯಾನ್ ವೇಷದಲ್ಲೇ. ಪಾಶ್ಚಾತ್ಯ ದೇಶಗಳಲ್ಲಿ ಅಪರೂಪವಾದ ಇದು ಭಾರತದ ರೆಪ್ಪೆಯ ಕ್ಯಾನ್ಸರುಗಳಲ್ಲಿ ಅಪರೂಪವಲ್ಲ. ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಇಳಿಯುವುದು, ಲೆನ್ಸ್ ಹಾಕುವವರ ಕಣ್ಣು ಕೆಂಪಾಗುವುದು ಇವುಗಳಿಗೆ ಶಾಖ ಕೊಡುತ್ತ ಕೂರಬಾರದು, ಅದೇ ದಿನ ತೋರಿಸಬೇಕು.

ಮನೆಯಲ್ಲಿ ಅಪ್ಪ ಅಮ್ಮನಿಗೆ ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಆಪರೇಷನ್ ಇದ್ದರೆ ರೆಪ್ಪೆಯ ಎಣ್ಣೆ ಇನ್ನೂ ಮುಖ್ಯವಾಗುತ್ತದೆ. ಒಳಗೆ ಕೂರಿಸುವ ಲೆನ್ಸಿನ ನಂಬರು ಲೆಕ್ಕಹಾಕಲು ಕಾರ್ನಿಯಾದ ಬಾಗು ಅಳೆಯುತ್ತಾರೆ. ಆ ಅಳತೆಯ ಬೆಳಕು ಪ್ರತಿಫಲಿಸುವುದು ಕಾರ್ನಿಯಾದ ಮೇಲಿನ ಕಣ್ಣೀರಿನ ಪೊರೆಯಿಂದ. ಕಣ್ಣೀರಿನ ಪೊರೆ ಕ್ಷಣಕ್ಷಣಕ್ಕೂ ಹರಿಯುತ್ತಿದ್ದರೆ ಒಂದೊಂದು ಸಲಕ್ಕೂ ಒಂದೊಂದು ಅಳತೆ, ತಪ್ಪು ನಂಬರಿನ ಲೆನ್ಸ್ ಕೂರುವ ಸಾಧ್ಯತೆ. ಆಪರೇಷನ್ ಆದ ಮೇಲೆ ಕೆಲವು ತಿಂಗಳು ಒಣಗಣ್ಣು ಹೆಚ್ಚಾಗುವುದೂ ಇದೆ. ಆದ್ದರಿಂದ ಅಳತೆಗೆ ಮುಂಚೆಯೇ ರೆಪ್ಪೆ ನೋಡುವ ಡಾಕ್ಟರು, ಎಣ್ಣೆ ಕಟ್ಟಿಕೊಂಡದ್ದು ಕಂಡರೆ, ಕೆಲವು ವಾರ ಶಾಖ ಕೊಟ್ಟು, ಹನಿ ಹಾಕಿ ಬನ್ನಿ, ಆಮೇಲೆ ಮತ್ತೆ ಅಳೆಯೋಣ ಎಂದು ತಾರೀಖು ಮುಂದೆ ಹಾಕುತ್ತಾರೆ.